ಮುಂದಿಡುವ ಕಾಲು

ನಜ್ಮಿಯೆ ಸ್ನೋಬೋರ್ಡ್ ಕೊಳ್ಳಲು ಎರ್ಜುರುಮ್‌ಗೆ ಹೊರಟಿದ್ದಾಳೆ ಎಂಬ ಸುದ್ದಿ ಬೆಳಗಿನ ಚಹಾ ಆರುವ ಮೊದಲೇ ಕಲೋವಿತ್‌ನ ಹನ್ನೊಂದು ಮನೆಗಳನ್ನೂ ಸುತ್ತಿ ಬಂದಿತ್ತು. ಚಳಿಗಾಲದಲ್ಲಿ ಆ ಬೆಟ್ಟದೂರಿನಲ್ಲಿ ಒಲೆ ಉರಿಯುವುದೇ ಹನ್ನೊಂದು ಮನೆಗಳಲ್ಲಿ. ಉಳಿದವರು ಮೊದಲ ಹಿಮ ಬೀಳುವ ಮುಂಚೆಯೇ ದನಕರು ಹೊಡೆದುಕೊಂಡು ಸಮುದ್ರದ ಕಡೆಗೆ ಇಳಿದುಬಿಡುತ್ತಾರೆ. ಹತ್ತು ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹನ್ನೊಂದನೆಯ ಮನೆಯಲ್ಲಿ ಯಾಕುಪ್ ಉಸ್ತಾ ಮಾತ್ರ ಮುಖ ಗಂಟಿಕ್ಕಿಕೊಂಡು ಕೂತಿದ್ದ. ನಜ್ಮಿಯೆ ಅವನ ಮಗಳು. ಸುತ್ತಲಿನ ನಾಲ್ಕು ಕಣಿವೆಗಳಲ್ಲಿ ಹಿಮದ ಮೇಲೆ ಜಾರುವ ಹಲಗೆ ಯಾರ ಮನೆಯ ಗೋಡೆಗೆ ಒರಗಿದ್ದರೂ ಅದನ್ನು ಕೆತ್ತಿದವನು ಅವನೇ; ಊರು ಅವನನ್ನು ಉಸ್ತಾ, ಅಂದರೆ ಮೇಸ್ತ್ರಿ, ಎನ್ನುವುದೂ ಅದಕ್ಕೇ.

ಅವನ ಹಲಗೆಯೆಂದರೆ ಬೀಚ್ ಮರದ್ದು. ಮುಂದಿನ ತುದಿಯನ್ನು, ಅಂದರೆ ಮೂಗನ್ನು, ಹಬೆಯಲ್ಲಿ ಬಾಗಿಸಿ, ಅಲ್ಲಿ ತೂತು ಕೊರೆದು ಹಗ್ಗ ಪೋಣಿಸಿರುತ್ತಾನೆ. ಹಗ್ಗ ಎಡಗೈಯಲ್ಲಿ. ಬಲಗೈಯಲ್ಲಿ ಹಿಂದಕ್ಕೆ ಚಾಚಿದ ಕೋಲು. ವೇಗ ಹೆಚ್ಚಾದರೆ ಅದನ್ನೇ ಹಿಮಕ್ಕೆ ಊರಿ ತಡೆಯಬೇಕು. ಎಡಗಾಲು ಮುಂದೆ, ಬಲಗಾಲು ಹಿಂದೆ. ಕಾಲು ನಿಲ್ಲಲು ಎರಡು ಅಡ್ಡಪಟ್ಟಿ ಹೊಡೆದಿರುತ್ತಾನೆ, ಅಷ್ಟೇ. ಪಾದ ಕಟ್ಟುವ ಮಾತೇ ಇಲ್ಲ.

"ಕಾಲು ಕಟ್ಟಿಕೊಂಡು ಗುಡ್ಡ ಇಳಿಯೋದಾ?" ಎಂದ ಯಾಕುಪ್ ಉಸ್ತಾ. "ಕುರೀಗೆ ಕಾಲು ಕಟ್ಟೋದು ಕುಯ್ಯೋಕೆ ಮುಂಚೆ. ಬೆಟ್ಟ ಜಾರಿತು ಅಂದ್ರೆ ಹಲಗೆ ಒಂದು ಕಡೆ, ನೀನೊಂದು ಕಡೆ ಹೋಗಬೇಕು ಕಣೇ. ಆಗಲೇ ಜೀವ ಉಳಿಯೋದು."

"ನಿನ್ನ ಹಲಗೇಲಿ ನಾನು ಯಾವತ್ತಪ್ಪಾ ಬೇರೆ ಕಡೆ ಹೋಗಿದ್ದೀನಿ? ಹೋಗಿದ್ದೆಲ್ಲ ಮುಖ ಅಡಿಯಾಗೇ," ಎಂದು ನಜ್ಮಿಯೆ ಬೂಟಿನ ದಾರ ಬಿಗಿದಳು.

ಅದು ಸುಳ್ಳಲ್ಲ. ಆ ಊರಿನ ಮಕ್ಕಳು ನಡೆಯುವುದನ್ನೂ ಜಾರುವುದನ್ನೂ ಹೆಚ್ಚು ಕಡಿಮೆ ಒಟ್ಟಿಗೇ ಕಲಿಯುತ್ತಾರೆ. ಯಾಕುಪ್ ಉಸ್ತಾನ ಮಗಳಿಗೆ ಮಾತ್ರ ಹಲಗೆ ಒಲಿಯಲಿಲ್ಲ. ಏಳನೆಯ ವರ್ಷದಿಂದ ಹದಿನಾಲ್ಕರ ತನಕ ಬಿದ್ದೂ ಬಿದ್ದೂ, ಹಲ್ಲೊಂದು ಕಳೆದುಕೊಂಡು, ಕಡೆಗೆ ಬಿಟ್ಟುಬಿಟ್ಟಳು. ಅಪ್ಪ ಅವಳನ್ನು ಮೊಂಡುಗಾಲಿ ಅಂತ ಕರೆದ. ಊರು ಆ ಹೆಸರನ್ನು ಸಂತೋಷದಿಂದ ಎತ್ತಿಕೊಂಡಿತು. ಆಮೇಲೆ ಅವಳು ತ್ರಾಬ್ಜೋನ್‌ಗೆ ಹೋಗಿ ಓದಿ, ಸರ್ಕಾರಿ ಸೂಲಗಿತ್ತಿಯಾಗಿ ಊರಿಗೇ ಮರಳಿ, ಆ ಊರಿನ ಅರ್ಧದಷ್ಟು ಮಕ್ಕಳನ್ನು ಕೈಯಾರೆ ಎತ್ತಿಕೊಂಡಳು. ಹೆಸರು ಮಾತ್ರ ಹೋಗಲಿಲ್ಲ. ಊರಿನ ನಾಲಿಗೆಗೆ ಒಮ್ಮೆ ಹತ್ತಿದ್ದು ಸುಮ್ಮನೆ ಇಳಿಯುತ್ತದೆಯೇ!

ನಲವತ್ತೊಂದರ ವಯಸ್ಸಿನಲ್ಲಿ ಅವಳಿಗೆ ಈ ಹುಚ್ಚು ಯಾಕೆ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಕಲೋವಿತ್‌ನ ಕೆಳಗೆ, ಇಳಿಜಾರಿನ ಬುಡದಲ್ಲಿ ದೆರೆಬಾಶಿ ಎಂಬ ಇನ್ನೊಂದು ಕೇರಿ. ಹಲಗೆಯ ಮೇಲೆ ಕಾಲು ಗಂಟೆಯ ದಾರಿ. ನಡೆದರೆ, ಸೊಂಟದವರೆಗಿನ ಹಿಮದಲ್ಲಿ ಗುಡ್ಡದ ಅಂಚು ಹಿಡಿದು ಬಳಸಿ ಹೋಗಬೇಕು, ಎರಡೂವರೆ ಗಂಟೆ. ಹೋದ ವರ್ಷ ಫೆಬ್ರವರಿಯಲ್ಲಿ ದೆರೆಬಾಶಿಯ ಬಿನ್ನಾಜ್‌ಗೆ ದಿನ ತುಂಬುವ ಮೊದಲೇ ನೋವು ಬಂತು. ರಸ್ತೆ ಹಿಮದಡಿ ಹೂತಿತ್ತು. ನಜ್ಮಿಯೆ ನಡೆದಳು. ಹೋಗುವಷ್ಟರಲ್ಲಿ ಮಗು ಹುಟ್ಟಿತ್ತು, ಕರುಳಬಳ್ಳಿ ಕೊರಳಿಗೆ ಸುತ್ತಿತ್ತು, ಬಿನ್ನಾಜ್‌ಳ ಅತ್ತೆಗೆ ಏನು ಮಾಡಬೇಕೆಂದು ತೋಚಿರಲಿಲ್ಲ. ಎರಡು ಬೆರಳಿನ ಕೆಲಸ ಅದು. ಬೆರಳು ತೂರಿಸಿ ಬಳ್ಳಿಯನ್ನು ತಲೆಯ ಮೇಲಿಂದ ಎತ್ತಿದ್ದರೆ ಮಗು ಉಳಿಯುತ್ತಿತ್ತು. ನಜ್ಮಿಯೆಯನ್ನು ಯಾರೂ ಬೈಯಲಿಲ್ಲ. ಬಿನ್ನಾಜ್ ಅವಳ ಕೈ ಹಿಡಿದುಕೊಂಡು "ನೀನು ನಡೆದೇ ಬಂದ್ಯಾ ಅಕ್ಕಾ" ಎಂದಷ್ಟೇ ಕೇಳಿದಳು. ಆ ಮಾತು ನಜ್ಮಿಯೆಯ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ಉಳಿಯಿತು.

ಈಗ ಬಿನ್ನಾಜ್ ಮತ್ತೆ ಬಸುರಿ. ಮಾರ್ಚ್ ಕೊನೆಗೆ ದಿನ. ಪಟ್ಟಣದ ವೈದ್ಯರು ಮಾರ್ಚ್ ಮೊದಲ ವಾರ ಬಂದು ಸೇರಿಕೋ ಎಂದಿದ್ದರು. ಹಿಮಕ್ಕೂ ಹೊಟ್ಟೆಯೊಳಗಿನ ಮಗುವಿಗೂ ವೈದ್ಯರ ಮಾತು ಕೇಳುವ ಅಭ್ಯಾಸವಿಲ್ಲ ಎಂಬುದು ಸೂಲಗಿತ್ತಿಗೆ ಗೊತ್ತಿತ್ತು. ನಜ್ಮಿಯೆಯನ್ನು ಹಲಗೆಯ ಹಿಂದೆ ಕೂರಿಸಿಕೊಂಡು ಇಳಿಸಬಲ್ಲವರು ಯಾರೂ ಊರಿನಲ್ಲಿ ಉಳಿದಿರಲಿಲ್ಲ. ಅಪ್ಪನ ಮಂಡಿ ಸವೆದು ಹೋಗಿತ್ತು. ಹಗ್ಗಕ್ಕೊಂದು ಕೈ, ಕೋಲಿಗೊಂದು ಕೈ ಕೊಟ್ಟು ನಿಲ್ಲುವುದು ಅವಳಿಗೆ ಈ ಜನ್ಮದಲ್ಲಿ ಆಗದು. ಕಾಲು ಕಟ್ಟಿದ ಬೋರ್ಡಿನಲ್ಲಾದರೆ ಎರಡೂ ಕೈ ಖಾಲಿ. ಆ ಒಂದು ಯೋಚನೆ ಹಿಡಿದುಕೊಂಡು ಅವಳು ಮಿನಿಬಸ್ ಹತ್ತಿದಳು.

ಎರ್ಜುರುಮ್‌ನಲ್ಲಿ ಹೋಟೆಲುಗಳು ಬಾಡಿಗೆಗೆ ಕೊಟ್ಟು ಹಳತಾದ ಹಿಮದಾಟದ ಸಾಮಾನುಗಳನ್ನು ಕೊಂಡು ಮಾರುವ ಅಂಗಡಿಯೊಂದಿತ್ತು. ಅದರ ಮಾಲೀಕ ತಾಜೆತ್ತಿನ್, ಮೀಸೆ ದಪ್ಪಗಿನ, ಹೊಟ್ಟೆ ಅದಕ್ಕಿಂತ ದಪ್ಪಗಿನ ಮನುಷ್ಯ. ಸಕ್ಕರೆ ಹರಳನ್ನು ನಾಲಿಗೆಯಡಿ ಇಟ್ಟುಕೊಂಡು ಚಹಾ ಹೀರುತ್ತಿದ್ದ. ಕಾಡುಹೂವಿನ ಜೇನಿನ ಡಬ್ಬ ಬಗಲಲ್ಲಿಟ್ಟುಕೊಂಡು, ಚೌಕಳಿ ಶಾಲು ಹೊದ್ದು ಒಳಬಂದ ಹೆಂಗಸನ್ನು ಕಂಡು, ಮಗನಿಗೆ ಏನೋ ಕೊಳ್ಳಲು ಬಂದಿರಬೇಕು ಎಂದುಕೊಂಡ.

"ಎಷ್ಟು ವರ್ಷದ ಹುಡುಗ ಅಕ್ಕಾ?"

"ನಲವತ್ತೊಂದು. ಹುಡುಗ ಅಲ್ಲ, ಎದುರಿಗೇ ನಿಂತಿದ್ದೀನಿ," ಎಂದಳು ನಜ್ಮಿಯೆ.

ತಾಜೆತ್ತಿನ್‌ಗೆ ಸಕ್ಕರೆ ಗಂಟಲಿಗೆ ಸಿಕ್ಕಿಕೊಂಡಿತು. ಕೆಮ್ಮಿ, ಕಣ್ಣೊರೆಸಿಕೊಂಡು, ಲೋಟ ಕೆಳಗಿಟ್ಟ.

ಅವಳು ಗೋಡೆಗೆ ಒರಗಿಸಿದ್ದ ಬೋರ್ಡುಗಳ ಹತ್ತಿರ ಹೋಗಿ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟು ಕೇಳತೊಡಗಿದಳು. ಮರ ಆರಿಸುವಾಗ ಅವಳಪ್ಪ ಮಾಡುವುದೇ ಹಾಗೆ. ತಾಜೆತ್ತಿನ್ ಮೀಸೆಯಡಿ ನಗುತ್ತಿದ್ದ. ಹೊಳೆಯುವ ಕೆಂಪು ಬೋರ್ಡೊಂದನ್ನು ತಟ್ಟಿ ಅವಳು ತಲೆಯಲ್ಲಾಡಿಸಿದಳು.

"ಇದು ಸತ್ತಿದೆ."

"ಏನಕ್ಕಾ ನೀನು, ಅಂಗಡೀಲಿ ಅದೇ ಚೆನ್ನಾಗಿರೋದು!" ಎನ್ನುತ್ತ ಅವನು ಅದನ್ನೆತ್ತಿ ಬಗ್ಗಿಸಿ ನೋಡಿದ. ಅಂಚಿನ ಬಳಿ ಪದರ ಬಿಟ್ಟುಕೊಂಡು ಕಿರ್ ಎಂದಿತು. ಅವನ ನಗು ನಿಂತುಹೋಯಿತು. ಒಳಗೆ ಹೋಗಿ ಇನ್ನೊಂದು ಲೋಟ ಚಹಾ ತಂದು ಅವಳ ಮುಂದಿಟ್ಟ. ಅಲ್ಲಿಂದಾಚೆ ವ್ಯಾಪಾರ ಸಮಸಮವಾಗಿ ನಡೆಯಿತು.

ಉದ್ದದ ವಿಷಯದಲ್ಲಿ ಜಗಳವೇ ಆಯಿತು. ಕಲೋವಿತ್‌ನ ಅಳತೆ ಎಂದರೆ ಕೈಯೆತ್ತಿ ನಿಂತಾಗ ಬೆರಳ ತುದಿ ಎಲ್ಲಿಗೆ ಮುಟ್ಟುತ್ತದೋ ಅಲ್ಲಿಯವರೆಗೆ.

"ಅಷ್ಟುದ್ದದ್ದು ತಗೊಂಡ್ರೆ ತಿರುಗಿಸೋಕೆ ಲಾರಿ ಡ್ರೈವರ್ ಬೇಕು," ಎಂದ ತಾಜೆತ್ತಿನ್. "ಹೊಸಬರಿಗೆ ಗಲ್ಲದವರೆಗೆ ಸಾಕು."

"ನಮ್ಮಲ್ಲಿ ಹಿಮ ಸೊಂಟದವರೆಗೆ ಬೀಳುತ್ತೆ. ಗಿಡ್ಡ ಹಲಗೆ ಮುಳುಗಿ ಹೋಗುತ್ತೆ."

"ಸರಿ, ಮೂಗಿನವರೆಗೆ. ಒಂದು ಬೆರಳೂ ಜಾಸ್ತಿ ಕೊಡಲ್ಲ."

ಮೂಗಿಗೆ ಒಪ್ಪಂದವಾಯಿತು. ಗೀರುಬಿದ್ದ ನೀಲಿ ಬೋರ್ಡು, ಬಗ್ಗಿಸಿದರೆ ಬಗ್ಗುವಷ್ಟು ಮೆತ್ತಗಿನದು. ಆಳ ಹಿಮದಲ್ಲಿ ತೇಲಲೆಂದು ಮೂಗು ಬಾಲಕ್ಕಿಂತ ಒಂದಿಷ್ಟು ಉದ್ದ. ತಟ್ಟಿದಾಗ ಸದ್ದು ಸ್ವಚ್ಛವಾಗಿತ್ತು.

ಬೂಟಿಗೆ ಕಾಲಿಟ್ಟಾಗ ಅವನು ಕೇಳಿದ: "ಕಾಲುಚೀಲ ಎಷ್ಟು ಜೊತೆ ಹಾಕಿದ್ದೀಯ?"

"ಮೂರು. ಉಣ್ಣೇದು."

"ಎರಡು ಬಿಚ್ಚು. ಒಳಗೆ ಕಾಲು ಈಜಾಡ್ತಾ ಇದ್ರೆ ನೀನೊಂದು ಕಡೆ ತಿರುಗಿದ್ರೆ ಬೋರ್ಡು ಇನ್ನೊಂದು ಕಡೆ ತಿರುಗುತ್ತೆ. ಬೆರಳು ತುದಿಗೆ ತಾಗಬೇಕು, ಹಿಮ್ಮಡಿ ಏಳಬಾರದು. ಮೊದಲು ಬೂಟು ಸರಿ ಇರ್ಲಿ, ಬೋರ್ಡು ಆಮೇಲೆ. ಎಲ್ರೂ ತಿರುಗಾಮುರುಗಾ ಮಾಡ್ತಾರೆ, ಬಣ್ಣ ನೋಡಿ ಬೋರ್ಡು ತಗೊಂಡು ಮಿಕ್ಕ ಕಾಸಿಗೆ ಬೂಟು."

ಈ ಮಾತು ನಜ್ಮಿಯೆಗೆ ಹಿಡಿಸಿತು. ಆರು ಜೊತೆ ಹಾಕಿ ನೋಡಿ ಏಳನೆಯದನ್ನು ಆರಿಸಿದಳು. ತಲೆವಸ್ತ್ರವನ್ನು ತೆಳ್ಳಗೆ ಬಿಗಿದು ಅದರ ಮೇಲೆ ಹೆಲ್ಮೆಟ್ ಕೂರಿಸಿಕೊಂಡಳು. ಮಣಿಕಟ್ಟಿಗೆ ಗಟ್ಟಿ ಪಟ್ಟಿ ಬೇಕೆಂದು ತಾನಾಗಿಯೇ ಕೇಳಿದಳು. "ನಂಗೆ ಕಾಲು ಮುರಿದ್ರೂ ನಡೆಯುತ್ತೆ, ಕೈ ಮುರೀಬಾರ್ದು," ಎಂದಾಗ ತಾಜೆತ್ತಿನ್ ಅವಳು ಯಾರು, ಯಾಕೆ ಬಂದಿದ್ದಾಳೆ ಎಂದು ಕೇಳಿ ತಿಳಿದುಕೊಂಡ. ಆಮೇಲೆ ತಮಾಷೆ ಬಿಟ್ಟ.

"ಈಗ ಕಾಲುಪಟ್ಟಿ ಕೂರಿಸಬೇಕು. ಅತ್ಲಾಗೆ ತಿರುಗಿ ನಿಂತ್ಕೋ. ತಪ್ಪು ತಿಳೀಬೇಡ," ಎಂದವನೇ, ಬೋರ್ಡಿನ ಬಾಲದಿಂದ ಅವಳ ಬೆನ್ನಿಗೆ ಮೆಲ್ಲನೆ ಒಂದು ದೂಡು ದೂಡಿದ.

ಮುಗ್ಗರಿಸಿ ಒಂದು ಹೆಜ್ಜೆ ಮುಂದಿಟ್ಟು, ಕೈಯೆತ್ತಿಕೊಂಡೇ ಹಿಂದೆ ತಿರುಗಿದಳು. ಅವನು ಬೋರ್ಡಿನ ಮರೆಗೆ ಸರಿದ.

"ಹೊಡೀಬೇಡ, ಹೊಡೀಬೇಡ! ಕಾಲು ನೋಡ್ಕೋ. ಬಲಗಾಲು ಮುಂದೆ ಹೋಯ್ತು. ಅಚಾನಕ್ಕಾಗಿ ದೂಡಿದಾಗ ಯಾವ ಕಾಲು ಹೋಗುತ್ತೋ ಅದೇ ಬೋರ್ಡಲ್ಲಿ ಮುಂದೆ ಇರಬೇಕು. ನಿಂದು ಬಲಗಾಲು."

"ಎಡಗಾಲು," ಎಂದಳು ನಜ್ಮಿಯೆ.

"ಈಗ ತಾನೇ ನೋಡಿದ್ನಲ್ಲ."

"ನಮ್ಮೂರಲ್ಲಿ ಎಡಗಾಲೇ ಮುಂದೆ. ನಮ್ಮಪ್ಪ ಐವತ್ತು ವರ್ಷದಿಂದ ಹಲಗೆ ಕೆತ್ತುತ್ತಾ ಇದ್ದಾರೆ. ಅವರಿಗೆ ಗೊತ್ತಿಲ್ದೆ ಇರೋದು ನಿಂಗೆ ಗೊತ್ತಾ?"

ಕೆಂಪು ಬೋರ್ಡಿನ ಮರ್ಯಾದೆ ಹೋದದ್ದನ್ನು ತಾಜೆತ್ತಿನ್ ಮರೆತಿರಲಿಲ್ಲ. ಇವಳ ಅಪ್ಪನ ಮೇಲೆ ಮಾತಾಡಲು ಧೈರ್ಯ ಸಾಲಲಿಲ್ಲ. ಎಡಗಾಲು ಮುಂದಿರುವ ಹಾಗೆ ಪಟ್ಟಿಗಳನ್ನು ತಿರುಪು ಹಾಕಿ ಬಿಗಿದ. ಕಟ್ಟಿಕೊಡುವಾಗ ಸಾಮಾನಿನ ಜೊತೆ ಒಂದು ತಿರುಪುಳಿಯನ್ನೂ ಹಾಕಿದ. "ಒಂದೊಂದಕ್ಕೆ ನಾಲ್ಕು ತಿರುಪು. ಬಿದ್ದು ಸಾಕಾದಾಗ ನನ್ನ ನೆನಸ್ಕೋ," ಎಂದ. ಜೇನಿನ ಡಬ್ಬ ಮುಚ್ಚಳ ತೆಗೆದು ಮೂಸಿ ನೋಡಿ, ಹೆಲ್ಮೆಟ್ಟಿನ ದುಡ್ಡು ಬೇಡವೆಂದ.

ಮುಂದಿನ ಹದಿನೇಳು ದಿನ ನಜ್ಮಿಯೆ ಬಿದ್ದಳು. ಇದನ್ನು ಬೇರೆ ಯಾವ ರೀತಿಯಲ್ಲೂ ಹೇಳಲಾಗದು. ಬೆಳಗ್ಗೆ ಹಸುವಿನ ಹಾಲು ಕರೆದು, ಮೆಕ್ಕೆಜೋಳದ ರೊಟ್ಟಿ ತಿಂದು, ಮನೆ ಹಿಂದಿನ ದಿಬ್ಬ ಹತ್ತಿ ಬೀಳುವುದು. ಮಧ್ಯಾಹ್ನ ರಕ್ತದೊತ್ತಡ ನೋಡಿಸಿಕೊಳ್ಳಲು ಬಂದ ಮುದುಕಿಯರನ್ನು ಕಳಿಸಿ, ಮತ್ತೆ ಹತ್ತಿ ಬೀಳುವುದು. ಹಿಂದಕ್ಕೆ ಬಿದ್ದು ಸೊಂಟ ನೀಲಿಯಾಯಿತು, ಮುಂದಕ್ಕೆ ಬಿದ್ದು ಮಂಡಿ ಊದಿತು. ನಿಲ್ಲಲು ಕಲಿತಳು, ಅಡ್ಡಡ್ಡವಾಗಿ ಇಳಿಯಲು ಕಲಿತಳು. ಬೋರ್ಡಿನ ಮೂಗನ್ನು ಕೆಳಕ್ಕೆ ತಿರುಗಿಸಿದರೆ ಸಾಕು, ಮೈ ತನ್ನದಲ್ಲವೆಂಬಂತೆ ಒಂದು ಕಡೆಗೆ ತಿರುಚಿಕೊಂಡು ನೆಲ ಸೇರುತ್ತಿತ್ತು. ಹತ್ತೂ ಮನೆಯ ಕಿಟಕಿಗಳಲ್ಲಿ ಮುಖಗಳಿರುತ್ತಿದ್ದವು. ಚಳಿಗಾಲದಲ್ಲಿ ಅವರಿಗೂ ಹೊತ್ತು ಹೋಗಬೇಕಲ್ಲ.

"ಇಪ್ಪತ್ತಮೂರು!" ಎಂದು ಎದುರು ಮನೆಯ ಹಮ್ದಿಯೆ ಅಜ್ಜಿ ಕಿಟಕಿಯಿಂದ ಕೂಗುತ್ತಿದ್ದಳು. "ನಿನ್ನೆಗಿಂತ ಎರಡು ಕಮ್ಮಿ ಬಿದ್ದೆ ಕಣೇ ಮೊಂಡುಗಾಲಿ!"

"ಇನ್ನೂ ಹೊತ್ತು ಮುಳುಗಿಲ್ಲ ಅಜ್ಜೀ, ಲೆಕ್ಕ ಮುಗಿಸಬೇಡ," ಎಂದು ನಜ್ಮಿಯೆ ಹಿಮ ಕೊಡವಿಕೊಂಡು ಏಳುತ್ತಿದ್ದಳು.

ಯಾಕುಪ್ ಉಸ್ತಾ ಕಿಟಕಿಗೆ ಬರುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಗಳ ಊದಿದ ಮಂಡಿ ನೋಡಿ, ಬೆಣ್ಣೆಯಲ್ಲಿ ಚೀಸ್, ಮೆಕ್ಕೆಜೋಳದ ಹಿಟ್ಟು ಕಾಸಿದ ಮುಹ್ಲಾಮಾದ ಬಾಣಲೆಯನ್ನು ಅವಳ ಕಡೆಗೆ ತಳ್ಳಿ, "ಬಿಟ್ಟುಬಿಡು ಮಗಳೇ. ಕೆಲವರ ಕಾಲಿಗೆ ಅದು ಬರಲ್ಲ," ಎಂದ. ಬೈಗುಳವಾಗಿದ್ದರೆ ಅವಳು ತಿರುಗಿ ಅನ್ನುತ್ತಿದ್ದಳು. ಅವನ ದನಿಯಲ್ಲಿ ಕರುಣೆಯಿತ್ತು. ಅದಕ್ಕೇ ಅವಳಿಗೆ ಅಳು ಬಂತು. ಚಮಚ ಕೆಳಗಿಟ್ಟು, "ಬಿಡಲ್ಲ," ಎಂದಳು. "ಬಿನ್ನಾಜ್ ಹತ್ರ ಇನ್ನೊಂದು ಸಲ ನಡ್ಕೊಂಡು ಹೋಗಲ್ಲ ಅಪ್ಪ. ತೆವಳಿಕೊಂಡಾದ್ರೂ ಜಾರ್ತೀನಿ."

ಹದಿನೆಂಟನೆಯ ದಿನ ಬೆಳಗ್ಗೆ ಕೊಟ್ಟಿಗೆಯಲ್ಲಿ ಹಾಲು ಕರೆದು ಎದ್ದು ನಿಂತಿದ್ದಳು. ಹುಲ್ಲು ತಡವಾಯಿತೆಂದು ಸಿಟ್ಟಾದ ಹಸು ಹಿಂದಿನಿಂದ ತಲೆಯಲ್ಲಿ ಒಂದು ಗುಮ್ಮು ಗುಮ್ಮಿತು. ನಜ್ಮಿಯೆ ಮುಗ್ಗರಿಸಿದಳು. ಹಾಲಿನ ತಪ್ಪಲೆ ಉಳಿಯಿತು, ಪಾದ ಸೀದಾ ಸಗಣಿಗೆ ಹೋಯಿತು. ಬಾಯಿ ತುಂಬ ಬೈಯಲು ಹಸುವಿನ ಕಡೆ ತಿರುಗಿದವಳು ತನ್ನ ಕಾಲು ನೋಡಿ ಹಾಗೇ ನಿಂತುಬಿಟ್ಟಳು.

ಬಲಗಾಲು.

ತಪ್ಪಲೆಯನ್ನು ಮೂಲೆಗಿಟ್ಟಳು. ಹಸುವಿಗೆ ಬೆನ್ನು ಕೊಟ್ಟು ಮತ್ತೆ ನಿಂತಳು. ಹಸು ಇನ್ನೊಮ್ಮೆ ಗುಮ್ಮಿತು. ಮತ್ತೆ ಬಲಗಾಲು.

ಅವಳು ಸಗಣಿ ಮೆತ್ತಿದ ಕಾಲಲ್ಲೇ ಓಡಿಹೋಗಿ ತಿರುಪುಳಿ ಹುಡುಕಿದಳು. ಕಲೋವಿತ್‌ನಲ್ಲಿ ಎಡಗಾಲು ಮುಂದಿರುವುದು ಯಾಕೆ? ಕೋಲು ಬಲಗೈಯಲ್ಲಿ ಹಿಂದಕ್ಕೆ ಇರಬೇಕಲ್ಲ, ಅದಕ್ಕೆ. ಅಪ್ಪ ಹಾಗೆ ನಿಂತ, ಅಡ್ಡಪಟ್ಟಿಗಳನ್ನು ಹಾಗೇ ಹೊಡೆದ. ಈ ಬೋರ್ಡಿನಲ್ಲಿ ಹಗ್ಗವೂ ಇಲ್ಲ, ಕೋಲೂ ಇಲ್ಲ. ಆದರೂ ಇಲ್ಲದ ಕೋಲಿಗಾಗಿ ಅವಳು ಹದಿನೇಳು ದಿನ ತಿರುಚಿಕೊಂಡು ನಿಂತಿದ್ದಳು. ಎಂಟು ತಿರುಪುಗಳನ್ನು ಬಿಚ್ಚಿ, ಪಟ್ಟಿಗಳನ್ನು ಅದಲುಬದಲು ಮಾಡಿ ಬಿಗಿಯುವಾಗ ಅವಳಿಗೆ ಸಿಟ್ಟು ಉಕ್ಕುತ್ತಿತ್ತು. ತಾಜೆತ್ತಿನ್‌ನ ಮೇಲಲ್ಲ, ತನ್ನ ಮೇಲೆ.

ಅಂದು ಮೂರು ಸಲ ಬಿದ್ದಳು. ನಾಲ್ಕನೆಯ ಸಲ ದಿಬ್ಬದ ಮೇಲಿಂದ ಮೂಗು ತಿರುಗಿಸಿದಳು. ಮೈ ತಾನಾಗಿ ಹಿಂದೆ ಬಂತು. ಬೇಲಿಯವರೆಗೆ ಜಾರಿ, ತಿರುಗಿ, ನಿಂತಳು. ಹಮ್ದಿಯೆ ಅಜ್ಜಿ ಕಿಟಕಿಯಲ್ಲಿ ಬಾಯಿ ತೆರೆದವಳು ಲೆಕ್ಕ ಹೇಳುವುದನ್ನೇ ಮರೆತಳು. ನಜ್ಮಿಯೆ ಹಿಮದ ಮೇಲೆ ಕೂತು ಒಬ್ಬಳೇ ಗಟ್ಟಿಯಾಗಿ ನಕ್ಕಳು. ಆಮೇಲೆ, ಹಲ್ಲು ಮುರಿದುಕೊಂಡ ಆ ಏಳು ವರ್ಷದ ಹುಡುಗಿಯನ್ನು ನೆನೆದು ಕಣ್ಣು ಒದ್ದೆಯಾಯಿತು. ಅಪ್ಪನಿಗೆ ಏನೂ ಹೇಳಲಿಲ್ಲ. ಹೇಳುವುದಕ್ಕೆ ಮನಸ್ಸು ಬರಲಿಲ್ಲ.

ಇನ್ನು ಹತ್ತು ದಿನ ಎಡೆಬಿಡದೆ ಅಭ್ಯಾಸ ಮಾಡಿದಳು. ಔಷಧದ ಚೀಲವನ್ನು ಬೆನ್ನಿಗೆ ಬಿಗಿದುಕೊಂಡು, ಅದರಲ್ಲಿ ಕಲ್ಲು ತುಂಬಿಕೊಂಡು ಜಾರಿದಳು. ದೆರೆಬಾಶಿಯ ಇಳಿಜಾರಿನ ಅರ್ಧದವರೆಗೆ ಎರಡು ಸಲ ಹೋಗಿ ಬಂದಳು. ಪೂರ್ತಿ ಇಳಿಯುವ ಮೊದಲೇ ಕರೆ ಬಂತು.

ಬಿನ್ನಾಜ್ ಪಟ್ಟಣಕ್ಕೆ ಹೊರಡಬೇಕಾದ ವಾರ ಇನ್ನೂ ಬಂದಿರಲಿಲ್ಲ. ಮೂರು ದಿನ ಸುರಿದ ಹಿಮ ಅಂದು ಬೆಳಗ್ಗೆ ನಿಂತಿತ್ತು. ಬಿನ್ನಾಜ್‌ಳ ಗಂಡ ರುಸ್ತೆಮ್‌ನ ದನಿ ಫೋನಿನಲ್ಲಿ ಒಡೆದು ಬಂತು. "ಅಕ್ಕಾ, ನೀರು ಹೋಯ್ತು. ನೋವು ಒಂದರ ಹಿಂದೆ ಒಂದು ಬರ್ತಾ ಇದೆ. ರಸ್ತೆ ಕಾಣ್ತಾನೇ ಇಲ್ಲ."

"ನೀರು ಕಾಯಿಸು, ಒಲೆ ದೊಡ್ಡದು ಮಾಡು, ಅವಳನ್ನ ಎಡಮಗ್ಗುಲಿಗೆ ಮಲಗಿಸು. ಬಂದೆ," ಎಂದಳು. ಕೈ ನೆಟ್ಟಗೆ ಕೆಲಸ ಮಾಡಿತು: ಕಾಲುಚೀಲ ಒಂದೇ ಜೊತೆ, ಬೂಟು, ಹೆಲ್ಮೆಟ್, ಮಣಿಕಟ್ಟಿನ ಪಟ್ಟಿ, ಚೀಲ.

ಬಾಗಿಲಲ್ಲಿ ಯಾಕುಪ್ ಉಸ್ತಾ ಕೋಲೂರಿಕೊಂಡು ನಿಂತಿದ್ದ. ಆಕಾಶ ನೋಡಿದ, ಇಳಿಜಾರು ನೋಡಿದ.

"ಎಡಗಡೆ ಬಂಡೆ ಮೇಲಿನ ಹಿಮ ಕುಂತಿಲ್ಲ, ಜಾರುತ್ತೆ. ಬಲಗಡೆ ಫರ್ ಮರದ ಸಾಲು ಹಿಡಿದು ಹೋಗು. ಒಂಟಿ ಮರದ ಹತ್ರ ನಿಂತು ಕಿವಿಗೊಟ್ಟು ಕೇಳು, ಆಮೇಲೆ ದಾಟು."

"ಹೂಂ ಅಪ್ಪ."

"ಕಾಲು ಕಟ್ಟಿಕೊಂಡೇ ಹೋಗ್ತೀಯಾ?"

"ಕಟ್ಟಿಕೊಂಡೇ ಹೋಗ್ತೀನಿ."

ಅವಳು ಪಟ್ಟಿ ಬಿಗಿದು ಎದ್ದು ನಿಂತಾಗ ಅವನ ಕಣ್ಣು ಅವಳ ಪಾದಗಳ ಮೇಲೆಯೇ ನೆಟ್ಟಿತ್ತು. ಅವಳು ಮೂಗನ್ನು ಕಣಿವೆಗೆ ತಿರುಗಿಸಿದಳು.

ಮೊದಲ ಇಳಿಜಾರಿನಲ್ಲೇ ಒಮ್ಮೆ ಹೂತುಹೋದಳು. ಎದ್ದಳು. ಮರಗಳ ಸಾಲಿನಲ್ಲಿ ಹಿಮ ಮೆತ್ತಗಿತ್ತು, ಬೋರ್ಡಿನ ಮೂಗು ಮೇಲೆದ್ದು ತೇಲಿತು. ಒಂಟಿ ಮರದ ಹತ್ತಿರ ನಿಂತು ಕೇಳಿದಳು. ತನ್ನ ಉಸಿರು ಬಿಟ್ಟರೆ ಸದ್ದಿಲ್ಲ. ದಾಟುವಾಗ ಎಡಗಡೆಯ ಬಂಡೆಯಿಂದ ಹಿಮದ ತುಂಡೊಂದು ಕಳಚಿ ದೂರದಲ್ಲಿ ಉರುಳಿತು. ಅವಳಿಗೆ ಹೆದರಿಕೆಯಾಯಿತು. ಬೈಯುತ್ತ, ಅಲ್ಲಾಹನ ಹೆಸರು ಹೇಳುತ್ತ, ಮತ್ತೆ ಬೈಯುತ್ತ ಜಾರಿದಳು. ಕಡೆಯ ಏರು ತಗ್ಗಿನಲ್ಲಿ ಇನ್ನೊಮ್ಮೆ ಬಿದ್ದು, ಚೀಲದ ಮೇಲೆ ಹೊರಳದಂತೆ ಮಗ್ಗುಲಾಗಿ, ಎದ್ದು, ರುಸ್ತೆಮ್‌ನ ಸೌದೆ ರಾಶಿಗೆ ಡಿಕ್ಕಿ ಹೊಡೆದು ನಿಂತಳು. ಇಪ್ಪತ್ತೆರಡು ನಿಮಿಷವಾಗಿತ್ತು.

ಮಗುವಿನ ತಲೆ ಕಾಣುತ್ತಿತ್ತು. ನಜ್ಮಿಯೆ ಕೈ ತೊಳೆದುಕೊಳ್ಳುವಷ್ಟು ಹೊತ್ತು ಮಾತ್ರ ಸಿಕ್ಕಿತು. ಬಳ್ಳಿ ಈ ಸಲವೂ ಕೊರಳಿಗಿತ್ತು, ಬಿಗಿಯಾಗಿ ಒಂದು ಸುತ್ತು. ಎರಡು ಬೆರಳು ತೂರಿಸಿ ಅದನ್ನು ತಲೆಯ ಮೇಲಿಂದ ಎತ್ತಿದಳು. ಮಗು ನೀಲಿಯಾಗಿ ಜಾರಿ ಬಂದು, ಬೆನ್ನುಜ್ಜಿಸಿಕೊಂಡು, ಆಮೇಲೆ ಮನೆ ಕಿತ್ತುಹೋಗುವ ಹಾಗೆ ಕಿರುಚಿತು.

ಬಿನ್ನಾಜ್ ಬೆವರಿದ ಮುಖವೆತ್ತಿ ಅವಳ ಹೆಲ್ಮೆಟ್ ನೋಡಿದಳು. ಅವಸರದಲ್ಲಿ ಅದನ್ನು ತೆಗೆಯಲು ಮರೆತಿತ್ತು.

"ಅಕ್ಕಾ, ನೀನು ಹೆಂಗೆ ಬಂದೆ?"

"ಜಾರಿಕೊಂಡು," ಎಂದಳು ನಜ್ಮಿಯೆ. ಇಡೀ ವರ್ಷ ತಡೆದು ಇಟ್ಟುಕೊಂಡದ್ದನ್ನೆಲ್ಲ ಅಲ್ಲೇ ಕೂತು ಅತ್ತುಬಿಟ್ಟಳು.

ಮಾರನೆಯ ದಿನ ಮಧ್ಯಾಹ್ನ ಬೋರ್ಡನ್ನು ಬೆನ್ನಿಗೆ ಹೊತ್ತು, ಗುಡ್ಡದ ಅಂಚು ಬಳಸಿ ನಡೆದು ಮನೆಗೆ ಬಂದಳು. ಯಾಕುಪ್ ಉಸ್ತಾ ಕೆಲಸದ ಕೊಟ್ಟಡಿಯಲ್ಲಿದ್ದ. ಗೋಡೆಯ ಮೇಲೆ ಇಪ್ಪತ್ತೇಳು ವರ್ಷದಿಂದ ನೇತಾಡುತ್ತಿದ್ದ ಅವಳ ಬಾಲ್ಯದ ಹಲಗೆಯನ್ನು ಕೆಳಗಿಳಿಸಿ ಮಂಡಿಯ ಮೇಲಿಟ್ಟುಕೊಂಡಿದ್ದ. ತಾಯಿ ಮಗು ಕ್ಷೇಮ ಎಂಬಷ್ಟು ಸುದ್ದಿ ಅವನಿಗೆ ಫೋನಿನಲ್ಲೇ ಮುಟ್ಟಿತ್ತು. ಅವನು ಅದನ್ನು ಕೇಳಲಿಲ್ಲ.

"ನಿನ್ನೆ ಬಲಗಾಲು ಮುಂದಿಟ್ಟು ಹೋದೆ."

"ಹೂಂ." ಅಂಗಡಿಯಲ್ಲಿ ದೂಡಿದ್ದು, ಹಸು ಗುಮ್ಮಿದ್ದು ಎಲ್ಲವನ್ನೂ ಹೇಳಿದಳು. ಅವನು ಅಡ್ಡಪಟ್ಟಿಗಳ ಮೇಲೆ ಬೆರಳಾಡಿಸುತ್ತ ಕೇಳಿದ. ಆಮೇಲೆ ಮೆಲ್ಲನೆ ಎದ್ದು, ಹಲಗೆಯನ್ನು ಒರಗಿಸಿಟ್ಟು, ಅವಳಿಗೆ ಬೆನ್ನು ಮಾಡಿ ನಿಂತ.

"ನನ್ನ ದೂಡು."

"ಮಂಡಿ ನೋವಿದೆ ನಿಂಗೆ, ಸುಮ್ನಿರಪ್ಪ."

"ದೂಡೇ!"

ಅವಳು ದೂಡಿದಳು. ಅವನ ಎಡಗಾಲು ಮುಂದೆ ಹೋಯಿತು. ಅವನು ಬಗ್ಗಿ ಆ ಕಾಲನ್ನು ನೋಡಿದ.

"ಇದು ನನ್ನ ಕಾಲು," ಎಂದ. "ಐವತ್ತು ವರ್ಷ ಊರಿಗೆಲ್ಲ ಇದನ್ನೇ ಹೊಡೆದು ಕೊಟ್ಟೆ. ಬಿದ್ದೋರನ್ನ ಮೊಂಡುಗಾಲಿ ಅಂದೆ. ನನ್ನ ಮಗಳನ್ನೂ ಅಂದೆ."

ನಜ್ಮಿಯೆ ಅವನ ಭುಜದ ಮೇಲೆ ಕೈಯಿಟ್ಟಳು. ಅವನು ತೋಳಿನಿಂದ ಮೂಗೊರೆಸಿಕೊಂಡು, ಬೆಂಚಿನ ಮೇಲಿನ ಸೀಸದ ಕಡ್ಡಿ ಎತ್ತಿ ಕಿವಿಗೆ ಸಿಕ್ಕಿಸಿಕೊಂಡ.

"ಬಿನ್ನಾಜ್‌ಗೆ ಏನು ಮಗು?"

"ಹೆಣ್ಣು."

"ನಡೆಯೋಕೆ ಶುರು ಮಾಡಿದ ತಕ್ಷಣ ಇಲ್ಲಿಗೆ ಕರ್ಕೊಂಡು ಬರೋಕೆ ಹೇಳು," ಎಂದ ಯಾಕುಪ್ ಉಸ್ತಾ. "ಮೊದಲು ದೂಡಿ ನೋಡ್ತೀನಿ. ಹಲಗೆ ಆಮೇಲೆ."